ದೊಡ್ಡಪ್ಪನ ಉಳಿದ ಕಣ್ಣು

ನಮ್ಮ ದೊಡ್ಡಪ್ಪ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಬಣ್ಣದ ಮೇಸ್ತ್ರಿ. ತೊಟ್ಟಿಯಿಂದ ತೆಗೆದ ನೂಲನ್ನು ಮಾದರಿ ನೂಲಿನ ಪಕ್ಕ ಇಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸುವುದು ಎಲ್ಲರ ಪದ್ಧತಿ. ದೊಡ್ಡಪ್ಪನಿಗೆ ಅದು ಅವಮಾನ. “ಮಾದರಿ ನನ್ನ ತಲೇಲಿದೆ” ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ಮಾಲೀಕರೂ ಆ ತಲೆಯನ್ನೇ ನಂಬಿದ್ದರು.

ಅವರ ಕೈಕೆಳಗೆ ಬಣ್ಣ ಕಲಸುತ್ತಿದ್ದವನು ಅವರ ಸ್ವಂತ ತಮ್ಮ, ಅಂದರೆ ನನ್ನ ಅಪ್ಪ. ತಮ್ಮನೆಂಬ ರಿಯಾಯಿತಿ ಏನೂ ಇರಲಿಲ್ಲ, ಬೈಗುಳದಲ್ಲಿ ಮಾತ್ರ ಪಾಲು ಹೆಚ್ಚು. ಎರಡು ವರ್ಷದ ಹಿಂದೆ ದೊಡ್ಡಪ್ಪ ಒಂದೇ ರಾಗ ಶುರುಮಾಡಿದರು. ಅಪ್ಪ ಯಾವ ನೀಲಿ ತೆಗೆದರೂ “ಹಳದಿ ಹೊಡೀತಿದೆ, ಚೆಲ್ಲು” ಎನ್ನುವುದು.

“ಅಣ್ಣಾ, ಒಂದ್ಸಲ ಮಾದರಿ ಪಕ್ಕದಲ್ಲಿಟ್ಟು ನೋಡು” ಎಂದು ಅಪ್ಪ ಗೋಗರೆದ.

“ನನಗೇ ಪಾಠ ಹೇಳ್ತೀಯೇನೋ?”

ಒದ್ದೆ ನೂಲನ್ನು ಎಲ್ಲರೆದುರು ಅಪ್ಪನ ಮುಖಕ್ಕೆ ಎಸೆದು, ನೇರ ಮಾಲೀಕರ ಹತ್ತಿರ ಹೋಗಿ “ನನ್ನ ತಮ್ಮನ ಕಣ್ಣು ಕೆಟ್ಟಿದೆ, ಅವನಿಗೆ ನೀಲಿ ಹಸಿರು ಗೊತ್ತಾಗಲ್ಲ, ತೆಗೆದುಬಿಡಿ” ಎಂದರು. ತೆಗೆದರು. ಅಪ್ಪ ಈಗ ಒಂದು ಗೋದಾಮಿನ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುತ್ತಾನೆ.

ಈ ವರ್ಷ ದೊಡ್ಡಪ್ಪ ಮೆಟ್ಟಿಲು ಸರಿಯಾಗಿ ಕಾಣದೆ ಬಿದ್ದರು. ದೊಡ್ಡಮ್ಮನಿಗೆ ಮಂಡಿನೋವು, ಹಾಗಾಗಿ ಅವರ ಜೊತೆ ಕಣ್ಣಿನ ಆಸ್ಪತ್ರೆಗೆ ನನ್ನನ್ನು ಕಳಿಸಿದವನು ಅಪ್ಪನೇ. ನನಗೆ ಮೈಯೆಲ್ಲ ಉರಿಯಿತು. ಆದರೂ ಹೋದೆ.

ಎರಡೂ ಕಣ್ಣಿಗೆ ಪೊರೆ, ಎಡಗಣ್ಣಿಗೆ ಮೊದಲು ಆಪರೇಷನ್ ಮಾಡೋಣ ಎಂದರು ಡಾಕ್ಟರಮ್ಮ. ಕಣ್ಣಿನ ಮೇಲೆ ಬೆಳೆದ ತೊಗಲನ್ನು ಬ್ಲೇಡಿನಲ್ಲಿ ಹೆರೆಯುತ್ತಾರೆ ಎಂದುಕೊಂಡಿದ್ದ ದೊಡ್ಡಪ್ಪ “ತೊಗಲು ಹೆರೆಯೋದು ಬೇಡ” ಎಂದು ಕುರ್ಚಿಯಿಂದ ಎದ್ದರು. ಇಡೀ ಕಾರ್ಖಾನೆಯನ್ನು ನಡುಗಿಸಿದವರು ಹೆದರಿದ್ದನ್ನು ನೋಡಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

“ತೊಗಲು ಏನೂ ಇಲ್ಲ. ಕಣ್ಣೊಳಗಿನ ಮಸೂರವೇ ಮಂಜಾಗಿದೆ. ಸಣ್ಣ ರಂಧ್ರ ಮಾಡಿ ಅದನ್ನ ತೆಗೆದು, ಹೊಸ ಲೆನ್ಸ್ ಕೂರಿಸ್ತೀವಿ. ಔಷಧಿ ಹಾಕಿ ಕಣ್ಣು ಮರಗಟ್ಟಿಸಿರ್ತೀವಿ, ಎಚ್ಚರವಾಗಿಯೇ ಇರ್ತೀರಿ. ಬೆಳಕು ಕಾಣುತ್ತೆ, ಸ್ವಲ್ಪ ಒತ್ತಿದ ಹಾಗಾಗುತ್ತೆ, ಅಷ್ಟೆ. ಸಾಮಾನ್ಯವಾಗಿ ಅರ್ಧ ಗಂಟೆ ಕೂಡ ಬೇಡ” ಎಂದು ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. “ಇದು ಎಷ್ಟು ನಿಧಾನಕ್ಕೆ ಬರುತ್ತೆ ಅಂದ್ರೆ, ಬಣ್ಣಗಳು ಹಳದಿಗೆ ತಿರುಗಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.”

ನಾನು ದೊಡ್ಡಪ್ಪನ ಕಡೆ ತಿರುಗಿದೆ. “ನನಗೆ ಹಾಗೇನಿಲ್ಲ” ಎಂದರು ತಟ್ಟನೆ.

ಆಪರೇಷನ್ ಆದ ಮಾರನೆಯ ದಿನ ಕಣ್ಣಿನ ಪಟ್ಟಿ ಬಿಚ್ಚಿದರು. ದೊಡ್ಡಪ್ಪ ಗೋಡೆ ನೋಡಿ “ಸುಣ್ಣ ಯಾವಾಗ ಹೊಡೆದ್ರು?” ಎಂದು ಕೇಳಿದರು. ಆಮೇಲೆ ಅವರ ನೋಟ ನನ್ನ ಮಡಿಲಲ್ಲಿದ್ದ ನೀಲಿ ಕೈಚೀಲದ ಮೇಲೆ ನಿಂತಿತು. ಬಲಗಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದರು. ಕೈ ಬದಲಿಸಿ, ಹೊಸ ಕಣ್ಣನ್ನು ಮುಟ್ಟದೆ ಮರೆಮಾಡಿ ನೋಡಿದರು. ಮತ್ತೆ ಆ ಕಣ್ಣು, ಮತ್ತೆ ಈ ಕಣ್ಣು. ಮುಖ ಬಿಳಿಚಿಕೊಂಡಿತು.

“ಎರಡರಲ್ಲೂ ಒಂದೇ ಥರ ಕಾಣುತ್ತಾ ದೊಡ್ಡಪ್ಪ?” ಎಂದು ಕೇಳಿದೆ.

“ಒಂದೇ ಥರ” ಎಂದು ಗೋಡೆಯತ್ತ ಮುಖ ತಿರುಗಿಸಿದರು.

ಮಾಲೀಕರ ಕಿವಿಗೆ ಅವರು ಒಂದು ಮಾತು ಹಾಕಿದ್ದರೆ ಸಾಕಿತ್ತು. ಕೆಟ್ಟಿದ್ದು ತನ್ನ ಕಣ್ಣು, ತಮ್ಮನದಲ್ಲ ಎಂಬ ಒಂದೇ ಮಾತು. ಬಣ್ಣ ಬಲ್ಲವರು ಸಿಗದೆ ಮಾಲೀಕರು ಒದ್ದಾಡುತ್ತಿದ್ದರು, ಅಪ್ಪನನ್ನು ಮರುದಿನವೇ ಕರೆಯುತ್ತಿದ್ದರು.

ಸಂಜೆ ಅಪ್ಪ ಡ್ಯೂಟಿ ಮುಗಿಸಿ ಅಣ್ಣನ ಮನೆಗೆ ಬಂದ. ಕೈ ತೊಳೆದು, ಅಣ್ಣನ ತಲೆ ಹಿಂದಕ್ಕೆ ಬಾಗಿಸಿ ಕಣ್ಣಿಗೆ ಔಷಧಿಯ ಹನಿ ಬಿಟ್ಟ. ಕಣ್ಣು ಉಜ್ಜಬೇಡ, ನೀರು ತಾಗಿಸಬೇಡ, ಭಾರ ಎತ್ತಬೇಡ ಎಂದು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದ. ಕೊನೆಗೆ ಹೆದರುತ್ತ ಕೇಳಿದ.

“ಅಣ್ಣಾ, ನೀಲಿ... ಮೊದಲಿಗಿಂತ ಬೇರೆ ಥರ ಕಾಣ್ತಿದೆಯಾ?”

“ಏನೂ ಬೇರೆ ಇಲ್ಲ. ನಿನ್ನ ನೀಲಿ ಅವತ್ತೂ ಹಳದಿ ಹೊಡೀತಿತ್ತು, ಇವತ್ತು ನೋಡಿದ್ರೂ ಹೊಡೆಯುತ್ತೆ.”

ಅಪ್ಪ ತಲೆಯಾಡಿಸಿದ. ನಮ್ಮ ಮನೆಗೆ ಮರಳುವ ದಾರಿಯಲ್ಲಿ, ಆಸ್ಪತ್ರೆಯಲ್ಲಿ ಕಂಡದ್ದನ್ನೆಲ್ಲ ನಾನು ಬಾಯಿಬಿಟ್ಟು ಹೇಳಿದೆ. ಹುಟ್ಟಿದಾಗಿನಿಂದ ನನ್ನ ಮೇಲೆ ಕೈಯೆತ್ತದ ಅಪ್ಪ ಕೈಯೆತ್ತಿದ. “ಅಣ್ಣ ಸುಳ್ಳು ಹೇಳ್ತಾನೆ ಅಂತೀಯಾ?” ಎಂದ.

ಬಲಗಣ್ಣಿಗೂ ಬೇಗ ಮಾಡಿಬಿಡಿ ಎಂದು ದೊಡ್ಡಪ್ಪ ಡಾಕ್ಟರಮ್ಮನಿಗೆ ದುಂಬಾಲು ಬಿದ್ದರು. ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ದೊಡ್ಡಮ್ಮ ಬೆರಗಾದಳು. ನನಗೆ ಗೊತ್ತಿತ್ತು. ಉಳಿದಿದ್ದ ಸಾಕ್ಷಿ ಆ ಕಣ್ಣೊಂದೇ. ಆರು ವಾರದಲ್ಲಿ ಅದನ್ನೂ ಮುಗಿಸಿ ಮತ್ತೆ ಕೆಲಸಕ್ಕೆ ಹೋದರು. ಈ ವಯಸ್ಸಿನಲ್ಲೂ ಎಂಥ ಕಣ್ಣು ಎಂದು ಮಾಲೀಕರು ಹೊಗಳಿದರಂತೆ.

ಅಪ್ಪ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ತನ್ನ ಕಣ್ಣು ತೋರಿಸಲು ಅದೇ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ಬಣ್ಣದ ಚುಕ್ಕಿಗಳೊಳಗೆ ಅಡಗಿದ ಅಂಕಿಗಳ ಪುಸ್ತಕವನ್ನೂ ಓದಿಸಿ, “ಪೊರೆ ಇಲ್ಲ, ಬಣ್ಣದ ದೋಷವೂ ಇಲ್ಲ. ನಿಮ್ಮ ಕಣ್ಣು ಚೆನ್ನಾಗಿದೆ” ಎಂದರು.

“ಸರಿಯಾಗಿ ನೋಡಿ ತಾಯಿ, ಏನೋ ಇದ್ದೇ ಇರುತ್ತೆ” ಎಂದು ಅಪ್ಪ ಕೈಮುಗಿದ.

ವಾಪಸ್ ಬರುವಾಗ ಒಂದು ಅಂಗಡಿಗೆ ನುಗ್ಗಿ ಶರ್ಟು ಆರಿಸಿದ. ಅದನ್ನು ಬಾಗಿಲ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, ನನ್ನ ಕೈಗೆ ಕೊಟ್ಟ.

“ಇದು ನೀಲಿನೇ ತಾನೆ? ನೀನೇ ನೋಡಿ ಹೇಳಮ್ಮ.”