ಯೋಚನೆ ಅಕ್ಕನ ಸೊನ್ನೆ

ಸಂಬಳದ ದಿನ ಬಿಟ್ಟರೆ ನಮ್ಮ ಆಫೀಸಿನಲ್ಲಿ ಅವಳ ನಿಜವಾದ ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ. ಯೋಚನೆ ಅಕ್ಕ ಎಂದರೆ ಸಾಕಿತ್ತು. ಕಾರು ಕೊಂಡವರಿಗೆ ಫೋನ್ ಮಾಡಿ, ಕಳೆದ ಹನ್ನೆರಡು ತಿಂಗಳಲ್ಲಿ ಗಾಡಿ ಏನೇನು ತೊಂದರೆ ಕೊಟ್ಟಿತು ಎಂದು ಕೇಳಿ, ಉತ್ತರವನ್ನು ಕಂಪ್ಯೂಟರಿಗೆ ಸೇರಿಸುವುದು ಅವಳ ಕೆಲಸ. ಅಂಥ ಇಪ್ಪತ್ತು ಸಾವಿರ ಉತ್ತರ ಕೂಡಿಸಿ, ಯಾವ ಕಂಪನಿಯ ಕಾರನ್ನು ಎಷ್ಟು ನಂಬಬಹುದು ಎಂದು ವರ್ಷಕ್ಕೊಂದು ಪಟ್ಟಿ ಹೊರಡಿಸುವುದು ನಮ್ಮ ಸಂಸ್ಥೆಯ ಕೆಲಸ. ಫೋನ್ ಮಾಡುವವರ ಮಾತನ್ನು ಇನ್ನೊಂದು ಕೋಣೆಯಲ್ಲಿ ಕೂತು ಕದ್ದು ಕೇಳಿ ಅಂಕ ಹಾಕುವುದು ನನ್ನ ಕೆಲಸ. ಕದ್ದು ಕೇಳುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ನನ್ನ ತಾಯಿ ಕೊನೆಯವರೆಗೂ ನಂಬಲಿಲ್ಲ.

ಪ್ರಶ್ನೆಗಳನ್ನು ಬರೆದ ಹಾಗೆಯೇ ಓದಬೇಕು, ಒಂದಕ್ಷರ ಆಚೀಚೆ ಆಗಬಾರದು. ಅಕ್ಕ ಹಾಗೆಯೇ ಓದುತ್ತಿದ್ದಳು. ಆದರೆ ಆ ಕಡೆಯವರು ತಡವರಿಸಿ "ಏನೂ ತೊಂದ್ರೆ ಇಲ್ಲ" ಎಂದರೆ, "ಸ್ವಲ್ಪ ಯೋಚ್ನೆ ಮಾಡಿ ಹೇಳಿ" ಎಂದು ತನ್ನದೊಂದು ಸಾಲನ್ನು ಸೇರಿಸಿಬಿಡುತ್ತಿದ್ದಳು. ಹೆಸರು ಬಂದದ್ದು ಹಾಗೆ. ಅಷ್ಟಂದರೆ ಸಾಕು, ಜನ ಬಾಯಿ ಬಿಡುತ್ತಿದ್ದರು. ಎಲ್ಲದಕ್ಕೂ ಇಲ್ಲ ಇಲ್ಲ ಎಂದಿದ್ದ ಒಬ್ಬ ಹಲ್ಲಿನ ಡಾಕ್ಟರು, ಅವಳು ಎರಡನೇ ಸಲ ಕೇಳಿದಾಗ, "ಹಿಂದಿನ ಬಾಗಿಲು ತೆಗೆಯೋಕಾಗಲ್ಲ ಮೇಡಂ, ಮಗಳನ್ನ ಕಿಟಕಿಯಿಂದ ಇಳಿಸ್ಕೊಳ್ತೀವಿ, ಅದೇನು ಅಂಥ ದೊಡ್ಡ ವಿಷ್ಯ ಅಲ್ಲ" ಎಂದಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಕಾರು ಕೊಂಡವರನ್ನು ನೋಡಿಯೇ ಆ ಗಾದೆ ಕಟ್ಟಿರಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಆದರೂ ಅವಳ ಸಾಲು ನಿಯಮಕ್ಕೆ ವಿರುದ್ಧ. ಉತ್ತರ ಕೊಡುವವರನ್ನು ಯಾವ ಕಡೆಗೂ ತಳ್ಳಬಾರದು. ಹನ್ನೊಂದು ವರ್ಷ ನಾನು ಆ ಒಂದು ಸಾಲಿಗಾಗಿ ಅವಳ ಅಂಕ ಕಡಿಯುತ್ತ ಬಂದೆ.

"ಮಾಲೀಕರು ಹೇಳಿದ್ದೇ ಉತ್ತರ, ಅಕ್ಕ. ನಾವೇನು ಪೊಲೀಸರಾ?" ಎಂದು ಒಮ್ಮೆ ಕರೆಸಿ ಹೇಳಿದೆ.

"ಅವ್ರು ಹೇಳಿದ್ದನ್ನ ನಂಬಿ ಇನ್ಯಾರೋ ಗಾಡಿ ತಗೊಳ್ತಾರಲ್ಲ ಸರ್."

"ಒಬ್ಬಿಬ್ಬರ ಸುಳ್ಳು ಇಪ್ಪತ್ತು ಸಾವಿರದಲ್ಲಿ ಕರಗಿ ಹೋಗುತ್ತೆ."

"ಎಲ್ರೂ ಒಂದೇ ಥರದ ಸುಳ್ಳು ಹೇಳಿದ್ರೆ?"

ಅಂಕ ಕಡಿಯುವ ಅಧಿಕಾರ ನನಗಿತ್ತು, ಕಡಿದೆ.

ಅಕ್ಕ ಮದುವೆಯಾಗಿರಲಿಲ್ಲ. ತಾಯಿ ಹೋದಾಗ ಎಂಟು ವರ್ಷದವನಾಗಿದ್ದ ತಮ್ಮನನ್ನು ಸಾಕಿ, ಓದಿಸಿ, ಮದುವೆ ಮಾಡಿದವಳು ಅವಳೇ. ಅವನು ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕಿದ್ದ. ಇವಳ ಮನೆಯ ಕೆಳಗಿನ ಮಹಡಿಯಲ್ಲೇ ಅವನ ಮನೆ. ಎರಡು ವರ್ಷದ ಹಿಂದೆ ಅವನ ಹೆಂಡತಿಯ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಹೊಳೆಯಾಚೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಆಕೆಗೆ ಉಳಿದಿರಲಿಲ್ಲ. ಒಂದು ಕಾರು ಬೇಕೇಬೇಕಾಯಿತು. ಅದು ಚೆಂದವಿರದಿದ್ದರೂ ಚಿಂತೆಯಿಲ್ಲ, ನಡುದಾರಿಯಲ್ಲಿ ನಿಲ್ಲಬಾರದು ಅಷ್ಟೆ.

"ಅಕ್ಕ, ನೀನು ಅಲ್ಲೇ ಇದ್ದೀಯ. ಒಂದು ಹೆಸ್ರು ಹೇಳು, ಸಾಕು," ಎಂದನಂತೆ ತಮ್ಮ.

ಅಕ್ಕ ಹೇಳಬೇಕಾದದ್ದನ್ನೆಲ್ಲ ಹೇಳಿದಳು. "ಪಟ್ಟೀಲಿರೋದು ಹಿಂದಿನ ಮೂರು ವರ್ಷದ ಗಾಡಿಗಳ ಕಥೆ ಕಣೋ. ಈ ವರ್ಷದ್ದರಲ್ಲಿ ಗೇರ್‌ಬಾಕ್ಸೇ ಬದಲಾಯಿಸಿದ್ದಾರಂತೆ. ಅಲ್ದೆ, ರೇಡಿಯೋ ಕೆಟ್ರೂ ಒಂದು ತೊಂದ್ರೆ, ಬ್ರೇಕ್ ಕೆಟ್ರೂ ಒಂದು ತೊಂದ್ರೆ. ನಮ್ಮಲ್ಲಿ ಎರಡೂ ಒಂದೇ."

"ಮತ್ಯಾಕೆ ಪಟ್ಟಿ ಮಾಡ್ತೀರಿ?"

"ಪಕ್ಕದ ಮನೆಯವ್ರ ಮಾತಿಗಿಂತ ವಾಸಿ ಅಂತ."

"ವಾಸಿ ತಾನೇ? ಹಾಗಾದ್ರೆ ಹೇಳು."

ಅಕ್ಕ ಪಟ್ಟಿಯ ಮೊದಲನೇ ಹೆಸರು ಹೇಳಿದಳು. ಹದಿನೈದು ದಿನದೊಳಗೆ ಗಾಡಿ ಮನೆ ಮುಂದೆ ಬಂದು ನಿಂತಿತು.

ನಮ್ಮ ಪಟ್ಟಿಯನ್ನು ನಾನೇ ಹಳಿಯುವುದಿಲ್ಲ. ಅದು ಸುಳ್ಳಲ್ಲ. ಕೊನೆಯ ಸಾಲಿನಲ್ಲಿರುವ ಗಾಡಿ ಕೊಂಡು ಗ್ಯಾರೇಜಿಗೆ ಅಲೆದು ಚಪ್ಪಲಿ ಸವೆಸಿದವರನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಆದರೆ ನೂರು ಗಾಡಿಗಳಲ್ಲಿ ಎಂಟು ಕೆಡುತ್ತವೆ ಎಂದು ಹೇಳಬಲ್ಲ ಪಟ್ಟಿ, ನಿಮ್ಮದು ಆ ಎಂಟರಲ್ಲಿ ಇದೆಯೋ ಇಲ್ಲವೋ ಎಂದು ಹೇಳಲಾರದು. ಕೊಳ್ಳುವವರಿಗೆ ಬೇಕಾದದ್ದು ಅದೊಂದೇ.

ಕೊಂಡ ಐದನೇ ತಿಂಗಳು, ಬೆಳಗ್ಗೆ ಹತ್ತು ಗಂಟೆಗೆ, ಸೇತುವೆಯ ನಟ್ಟನಡುವೆ ಗಾಡಿ ನಿಂತಿತು. ಹಿಂದೆ ಮುಂದೆ ವಾಹನಗಳು ಗಿಜಿಗುಟ್ಟಿ, ಎಳೆದೊಯ್ಯುವ ಲಾರಿ ಬರುವ ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಆಸ್ಪತ್ರೆಯವರು ಆಕೆಯ ಸರದಿಯನ್ನು ಬೇರೆಯವರಿಗೆ ಕೊಟ್ಟು, ನಾಳೆ ಬನ್ನಿ ಎಂದರು. ಮರುದಿನ ಬೆಳಗಾಗುವಷ್ಟರಲ್ಲಿ ಆಕೆಗೆ ಉಸಿರೇ ಆಡುತ್ತಿರಲಿಲ್ಲ. ಎಂಟು ದಿನ ತೀವ್ರ ನಿಗಾ ಘಟಕದಲ್ಲಿದ್ದು, ಅರ್ಧ ಜೀವವಾಗಿ ಮನೆಗೆ ಬಂದಳು. ಕಂಪನಿಯ ಗ್ಯಾರೇಜಿನವರು ಗಾಡಿ ಪರೀಕ್ಷಿಸಿ "ದೋಷ ಕಂಡುಬಂದಿಲ್ಲ" ಎಂದು ಬರೆದುಕೊಟ್ಟರು. ಆಮೇಲೆಯೂ ಅದು ಎರಡು ಸಲ ನಿಂತಿತು.

ಆ ಎಂಟು ದಿನವೂ ಅಕ್ಕ ಆಫೀಸಿಗೆ ಬಂದಳು. ಊಟದ ಹೊತ್ತಿಗೆ ಡಬ್ಬಿ ತೆಗೆಯುತ್ತಿರಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ.

"ನನ್ನ ನೋಡಿ ಆಕ್ಸಿಜನ್ ಮಾಸ್ಕ್ ಪಕ್ಕಕ್ಕೆ ಸರಿಸಿದ್ಳು ಸರ್," ಎಂದಳು. "'ಅತ್ತಿಗೆ, ನೀವು ಮನಸ್ಸಿಗೆ ಹಚ್ಕೋಬೇಡಿ' ಅಂದ್ಳು. ನಾಲ್ಕು ಬೈದಿದ್ರೆ ಚೆನ್ನಾಗಿರ್ತಿತ್ತು."

ತಮ್ಮ ಆ ಗಾಡಿ ಮಾರಿ ಬೇರೆಯದು ತರಲು ನಿರ್ಧರಿಸಿದ. ಅಲ್ಲಿಯವರೆಗೂ ವಾರಕ್ಕೆ ಮೂರು ದಿನ ಅದೇ ಗಾಡಿ, ಅದೇ ಸೇತುವೆ. ಗಾಡಿ ಕೊಳ್ಳಲು ನೋಡಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು: ಹೊಸ ಪಟ್ಟಿ ಬರಲಿ, ಆಮೇಲೆ ನೋಡೋಣ. ಪಟ್ಟಿಯಲ್ಲಿ ಆ ಹೆಸರು ಕೆಳಗಿಳಿದರೆ ಗಾಡಿಯನ್ನು ಮೂಸಿ ನೋಡುವವರೂ ಇರುವುದಿಲ್ಲ ಎಂದು ಅಕ್ಕನಿಗೂ ಗೊತ್ತು, ತಮ್ಮನಿಗೂ ಗೊತ್ತು.

ಹೊಸ ಸುತ್ತಿನ ಕರೆಗಳು ಶುರುವಾದವು. ಯಾರಿಗೆ ಕರೆ ಹೋಗಬೇಕೆಂದು ಆರಿಸುವುದು ಕಂಪ್ಯೂಟರು. ಸಂಬಂಧಿಕರ ನಂಬರು ಬಂದರೆ ಕೈಯೆತ್ತಿ ಬೇರೆಯವರಿಗೆ ದಾಟಿಸಬೇಕು. ಒಂದು ಮಧ್ಯಾಹ್ನ ನಾನು ಅಕ್ಕನ ಕರೆ ಕೇಳುತ್ತಿದ್ದೆ.

"ನಮಸ್ಕಾರ ಸರ್. ನಿಮ್ಮ ಕಾರಿನ ಬಗ್ಗೆ ಕೆಲವು ಪ್ರಶ್ನೆ ಕೇಳಬೇಕಿತ್ತು. ಹತ್ತು ನಿಮಿಷ ಸಮಯ ಇದೆಯಾ?"

ಆ ಕಡೆ ಗಾಜು ಉಜ್ಜುವ ಯಂತ್ರದ ಸದ್ದು. ಯಾರೆಂದು ನನಗೆ ಅಲ್ಲಿಗೇ ತಿಳಿಯಿತು.

"ಇದೆ, ಮೇಡಂ," ಎಂದ ತಮ್ಮ.

ಎತ್ತಿ ಆಡಿಸಿದ ಹುಡುಗನನ್ನು ಅವಳು ಸರ್ ಅನ್ನುತ್ತಿದ್ದಳು, ಅವನು ಸಾಕಿದ ಅಕ್ಕನನ್ನು ಮೇಡಂ ಅನ್ನುತ್ತಿದ್ದ. ರೇಡಿಯೋ, ಏಸಿ, ಬಾಗಿಲು, ಬಣ್ಣ. ಎಲ್ಲಕ್ಕೂ ಇಲ್ಲ. ಅವಳ ದನಿ ಒಂದಿಷ್ಟೂ ಅಲುಗಲಿಲ್ಲ.

"ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ವಾಹನ ಚಲಿಸುತ್ತಿರುವಾಗ ನಿಂತುಹೋಗಿದೆಯೇ? ಹೌದಾದರೆ ಎಷ್ಟು ಸಲ?"

ಅವನು ಯಂತ್ರ ನಿಲ್ಲಿಸಿದ. "ಇಲ್ಲ ಮೇಡಂ," ಎಂದ.

ಅವಳು ತನ್ನ ಸಾಲನ್ನು ಹೇಳುತ್ತಾಳೆಂದು ಕಾದೆ. ಹೇಳಲಿಲ್ಲ. ಸೊನ್ನೆ ಒತ್ತಿ, ಮುಂದಿನ ಪ್ರಶ್ನೆ ಓದಿದಳು.

ಕರೆ ಮುಗಿದ ಮೇಲೆ ನಾನು ಅವಳ ಮೇಜಿನ ಹತ್ತಿರ ಹೋದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತು ಸರ್. ರದ್ದು ಮಾಡಿಬಿಡಿ. ನೀವೇ ಮಾಡಿ, ನನ್ ಕೈಲಿ ಆಗಲ್ಲ."

"ಬಿಡಿ ಅಕ್ಕ. ಇಪ್ಪತ್ತು ಸಾವಿರದಲ್ಲಿ ಒಂದು, ಅದ್ರಿಂದ ಏನಾಗುತ್ತೆ?"

"ಫೋನ್ ಮಾಡಿದಾಗ ಎಲ್ರೂ ಒಂದೊಂದೇ ಅಲ್ವಾ ಸರ್," ಎಂದಳು.

ನಾನು ರದ್ದು ಮಾಡಬೇಕಿತ್ತು. ಮಾಡಲಿಲ್ಲ. ಕರುಣೆಯಿಂದ ಎಂದು ಹೇಳಿಕೊಳ್ಳಬಹುದು, ಆದರೆ ಅದು ಪೂರ್ತಿ ನಿಜವಲ್ಲ. ರದ್ದು ಮಾಡಿದರೆ ನಾಳೆಯಿಂದ ಅವಳ ಮುಖ ಹೇಗೆ ನೋಡಲಿ ಎಂಬ ಹೆದರಿಕೆಯೂ ಇತ್ತು. ನನ್ನ ಕೋಣೆಗೆ ಹೋಗಿ ಬೇರೆ ಯಾರದೋ ಕರೆ ಕೇಳುತ್ತ ಕೂತೆ.

ಪಟ್ಟಿ ಹೊರಬಂತು. ಆ ಕಾರಿಗೆ ಈ ಸಲ ಎರಡನೇ ಸ್ಥಾನ. ಒಂದೇ ವಾರದಲ್ಲಿ ತಮ್ಮನ ಗಾಡಿ ಮಾರಿಹೋಯಿತು. ಅಕ್ಕನೇ ನೀರಿನ ಫಿಲ್ಟರ್ ಹತ್ತಿರ ನಿಂತು ಹೇಳಿದಳು, ಕಣ್ಣು ಲೋಟದ ಮೇಲೆ. ಕೊಂಡವಳು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವ ಹೆಂಗಸು. ಕೋಲೂರಿಕೊಂಡ ತಂದೆಯನ್ನೂ ಕರೆತಂದಿದ್ದಳು, ಹಿಂದಿನ ಸೀಟಿಗೆ ಹತ್ತಲು ಆಗುತ್ತದೋ ಇಲ್ಲವೋ ನೋಡೋಣವೆಂದು. ನಮ್ಮ ಪಟ್ಟಿಯ ಪುಟವನ್ನು ಪತ್ರಿಕೆಯಿಂದ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳಂತೆ. ಅಕ್ಕ ಅಲ್ಲೇ ನಿಂತಿದ್ದಳು. ಗಾಡಿಯ ಬಗ್ಗೆ ಆ ಹೆಂಗಸು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.