ಪುಟ್ಟ ಬಲ್ಬಿನ ಪೆಡಲ್

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊಣಕಾಲಿನ ಆಪರೇಷನ್ ಮುಗಿಯಲಿ ಅಂದುಕೊಂಡೆ, ಮುಗಿಯಿತು. ಮಗಳ ಮನೆಯ ಗೃಹಪ್ರವೇಶ ಆಗಲಿ ಅಂದುಕೊಂಡೆ, ಆಯಿತು. ಈಗ ಯಾವ ನೆಪವೂ ಉಳಿದಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ಓದಿದವನು ನಾನು. ಕಾರ್ಖಾನೆಯ ಶಿಫ್ಟ್ ರಿಪೋರ್ಟ್ ಬಿಟ್ಟು ಬೇರೇನೂ ಬರೆದವನಲ್ಲ. ಆ ರಿಪೋರ್ಟಿನಲ್ಲಿ ತಪ್ಪು ಯಾರದು ಎಂದು ಬರೆಯಲು ಒಂದು ಜಾಗವಿರುತ್ತಿತ್ತು. ಅಲ್ಲಿ ಎಷ್ಟೋ ಜನರ ಹೆಸರು ಬರೆದಿದ್ದೇನೆ, ನನ್ನದನ್ನು ಒಮ್ಮೆಯೂ ಬರೆದಿಲ್ಲ.

ಪೀಣ್ಯದಲ್ಲಿ ಪವರ್ ಸಪ್ಲೈ ತಯಾರಿಸುವ ಘಟಕವೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ನಿವೃತ್ತಿಯಾದ ಮೇಲೆ ನಾವು ಐದು ಜನ ಹಳೆಯ ಸಹೋದ್ಯೋಗಿಗಳು ಸೇರಿ ಒಂದು ಸಣ್ಣ ಆರ್ಕೆಸ್ಟ್ರಾ ಕಟ್ಟಿಕೊಂಡೆವು. ನಾನು ಗಿಟಾರ್. ಗಣೇಶನ ಹಬ್ಬ, ರಾಜ್ಯೋತ್ಸವ, ಅಪಾರ್ಟ್‌ಮೆಂಟಿನವರ ವಾರ್ಷಿಕೋತ್ಸವ, ಕರೆದಲ್ಲಿ ಹೋಗಿ ಹಳೆಯ ಸಿನಿಮಾ ಹಾಡು ನುಡಿಸುವುದು. ಬ್ರೂಕ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ ಒಪ್ಪಿಕೊಂಡ ಮೇಲೆ ನಮ್ಮ ಕೀಬೋರ್ಡಿನವನು ಮಗನ ಜೊತೆ ಹುಬ್ಬಳ್ಳಿಗೆ ಹೊರಟುಹೋದ. ಡ್ರಮ್ಸ್ ಬಾರಿಸುವ ಗೆಳೆಯ, ಅವನೇ ನಮ್ಮ ಮುಖಂಡ, ನನ್ನ ಹಿಂದೆ ಬಿದ್ದ.

"ಆರ್ಗನ್ ಇಲ್ದೆ ಹಳೇ ಹಾಡು ಅಂದ್ರೆ ಒಗ್ಗರಣೆ ಇಲ್ದಿರೋ ಸಾರು ಕಣೋ. ನಿನ್ನ ಗಿಟಾರಲ್ಲೇ ಆ ಸುತ್ತೋ ಸೌಂಡ್ ತೆಗಿ."

"ಗಿಟಾರನ್ನ ಹಿಡ್ಕೊಂಡು ನಾನೇ ಗಿರಗಿರ ತಿರುಗ್ಲಾ?"

"ತಿರುಗು ಗುರು, ಜನ ಇನ್ನೂ ಜಾಸ್ತಿ ಬರ್ತಾರೆ."

ಹಿಂದಿನ ಕಾಲದ ಆರ್ಗನ್ನುಗಳಿಗೆ ಒಂದು ದೊಡ್ಡ ಮರದ ಪೆಟ್ಟಿಗೆ ಇರುತ್ತಿತ್ತು. ಅದರೊಳಗೆ ಸ್ಪೀಕರಿನ ಬಾಯಿಯೇ ಸುತ್ತುತ್ತಿತ್ತು. ಸ್ವರ ಹತ್ತಿರ ಬಂದು, ಬೆನ್ನು ತಿರುಗಿಸಿ ದೂರ ಹೋಗಿ, ಮತ್ತೆ ಬಂದ ಹಾಗೆ ಕೇಳುತ್ತಿತ್ತು. ಈಗ ಅದೇ ಪರಿಣಾಮವನ್ನು ಅಂಗೈಯಗಲದ ಡಬ್ಬಿಯಲ್ಲಿ ಕೊಡುತ್ತಾರೆ. ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ ಪೆಡಲ್. ಒಳ್ಳೆಯವು ನನ್ನಂಥವನ ಕೈಗೆ ಎಟುಕುವಂಥವಲ್ಲ. ಕಡಿಮೆ ಬೆಲೆಯದ್ದು ಯಾವುದು ಸರಿ ಎಂದು ಕೇಳಲು ನನಗೆ ಗೊತ್ತಿದ್ದವಳು ಒಬ್ಬಳೇ.

ಅವಳು ಕಾರ್ಖಾನೆಯಲ್ಲಿ ನನ್ನ ಲೈನಿನಲ್ಲಿ ಎಂಟು ವರ್ಷ ಟೆಸ್ಟಿಂಗ್ ಟೇಬಲಿನಲ್ಲಿ ಕೂತಿದ್ದವಳು. ಬೆಸುಗೆ ಹಾಕುವುದನ್ನು ನಾನೇ ಕಲಿಸಿದ್ದೆ. ಹೊರಗೆ ಹೋಗುವ ಪ್ರತಿ ಮಾಲಿನ ಮೇಲೂ ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಎಂದು ಬಿಳಿ ಟೇಪಿನಲ್ಲಿ ಬರೆದು ಅಂಟಿಸಬೇಕೆಂಬ ನನ್ನ ನಿಯಮವನ್ನು ಒಂದು ದಿನವೂ ಮರೆತವಳಲ್ಲ. ಮದುವೆಯಾಗಿ ಕುಂದಲಹಳ್ಳಿಗೆ ಹೋಗಿ, ಕೆಲಸ ಬಿಟ್ಟು, ಮನೆಯ ಮಾಲೀಕರ ಮೆಟ್ಟಿಲ ಕೆಳಗಿನ ಜಾಗದಲ್ಲಿ ಗಿಟಾರು, ಆಂಪ್ಲಿಫೈಯರು, ಪೆಡಲ್‌ಗಳ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಳು.

ಶನಿವಾರ ಮಧ್ಯಾಹ್ನ ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಅಲ್ಲಿಗೆ ಹೋದೆ. ಇದ್ದ ಒಂದೇ ಸ್ಟೂಲನ್ನು ನನಗೆ ಕೊಟ್ಟು ಅವಳು ನಿಂತೇ ಮಾತಾಡಿದಳು. ಎರಡು ಪೆಡಲ್ ತೋರಿಸಿದಳು. ಒಂದು, ಕಾರ್ಖಾನೆಯಲ್ಲಿ ಮಾಡಿದ ಹೊಸದು; ಆ ಸುತ್ತುವ ಸದ್ದು ಕೊಡುವ ಇದಕ್ಕೆ ರೋಟರಿ ಎನ್ನುತ್ತಾರೆ. ಒಂದು ಸಲ ಒತ್ತಿದರೆ ನಿಧಾನ, ಇನ್ನೊಂದು ಸಲ ಒತ್ತಿದರೆ ಮೆಲ್ಲಮೆಲ್ಲನೆ ವೇಗ ಏರುತ್ತಿತ್ತು. ಇನ್ನೊಂದನ್ನು ಯಾರೋ ಕೈಯಿಂದ ಮಾಡಿದ್ದರು. ಅದಕ್ಕೆ ವೈಬ್ ಎನ್ನುತ್ತಾರೆ. ಮುಚ್ಚಳ ತೆಗೆದು ಒಳಗೆ ತೋರಿಸಿದಳು. ನಡುವೆ ಒಂದು ಪುಟ್ಟ ಬಲ್ಬು, ಸುತ್ತ ಬೆಳಕನ್ನು ಹಿಡಿಯುವ ನಾಲ್ಕು ಸಣ್ಣ ಬಿಲ್ಲೆಗಳು. ಬಲ್ಬಿನ ಬೆಳಕು ಮಲಗಿದ ಮಗುವಿನ ಎದೆಯಂತೆ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಜೊತೆ ಸ್ವರವೂ ತೂಗುತ್ತಿತ್ತು.

"ಇದು ಮಾರೋದಲ್ಲ ಸಾರ್. ಬ್ರೂಕ್‌ಫೀಲ್ಡ್ ಮ್ಯೂಸಿಕ್ ಸ್ಕೂಲ್ ಮೇಷ್ಟ್ರದ್ದು, ರಿಪೇರಿಗೆ ಬಂದಿತ್ತು. ನಿಮಗೆ ಇಷ್ಟ ಆದ್ರೆ ಇಂಥದ್ದೇ ಒಂದು ನಾನೇ ಮಾಡ್ಕೊಡ್ತೀನಿ. ಅಂಗಡೀದಕ್ಕಿಂತ ಕಮ್ಮಿಗೆ ಆಗುತ್ತೆ."

"ಮನೇಲಿ ನನ್ನ ಗಿಟಾರ್‌ಗೆ ಹಾಕಿ ಕೇಳ್ದೆ ಹೆಂಗಮ್ಮ ಹೇಳೋದು? ಎರಡನ್ನೂ ಕೊಡು, ಸೋಮವಾರ ತಂದ್ಕೊಡ್ತೀನಿ."

ಅವಳು ತಡವರಿಸಿದಳು. "ಅದೊಂದು ಬೇಡ ಸಾರ್. ಸೋಮವಾರ ಸಂಜೆ ಮೇಷ್ಟ್ರು ಬರ್ತಾರೆ. ಇದು ಸರಿಯಾಗಿದ್ರೆ ಸ್ಕೂಲಿನ ಎಲ್ಲಾ ಸಾಮಾನಿನ ರಿಪೇರಿನೂ ನಂಗೇ ಕೊಡ್ತೀನಿ ಅಂದಿದಾರೆ. ವರ್ಷಪೂರ್ತಿ ಕೆಲಸ. ಅದು ಬರ್ಲಿಲ್ಲ ಅಂದ್ರೆ ಅಂಗಡಿ ಮುಚ್ಚಿ ಮತ್ತೆ ಪೀಣ್ಯಕ್ಕೇ ಬರ್ಬೇಕು ನಾನು."

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂದೆ. ಈಗ ನೆನೆದರೆ ನಾಲಿಗೆ ಕಹಿಯಾಗುತ್ತದೆ. ಅವಳಿಗೆ ಬೇರೆ ದಾರಿ ಇರಲಿಲ್ಲ. ಎರಡನ್ನೂ ಬಟ್ಟೆಯಲ್ಲಿ ಸುತ್ತಿ, ಅವುಗಳ ಅಡಾಪ್ಟರ್ ಜೊತೆಗಿಟ್ಟು ಕೊಟ್ಟಳು. ವೈಬಿನ ಬೆನ್ನ ಮೇಲೆ ಬಿಳಿ ಟೇಪು ಇತ್ತು: ನಡುವೆ ಮೈನಸ್. ಇದೇ ಅಡಾಪ್ಟರ್ ಹಾಕಿ.

ಭಾನುವಾರ ಬೆಳಿಗ್ಗೆ ಎರಡನ್ನೂ ನುಡಿಸಿ ನೋಡಿದೆ. ರೋಟರಿ ಚೆನ್ನಾಗಿಯೇ ಇತ್ತು, ಆದರೆ ವೈಬ್ ಕೇಳಿದ ಮೇಲೆ ಅದು ಸಪ್ಪೆ ಎನಿಸಿತು. ವೈಬಿನಲ್ಲಿ ಸಣ್ಣಗೆ ಒಂದು ಕೀರಲು ಸದ್ದು ಮಾತ್ರ ಬರುತ್ತಿತ್ತು. ಇದು ಈಗಿನ ಹಗುರ ಅಡಾಪ್ಟರುಗಳ ಚಾಳಿ ಎಂದು ನನಗೆ ಗೊತ್ತು. ಬೀರುವಿನಲ್ಲಿ ನಾನೇ ಸುತ್ತಿದ ಟ್ರಾನ್ಸ್‌ಫಾರ್ಮರಿನ ಹಳೆಯ ಅಡಾಪ್ಟರ್ ಇತ್ತು. ಇಟ್ಟಿಗೆಯಷ್ಟು ಭಾರ, ಒಂದಿಷ್ಟೂ ಸದ್ದಿಲ್ಲ. ಅದನ್ನು ಹಾಕಿದರೆ ಪೆಡಲಿನ ನಿಜವಾದ ದನಿ ಕೇಳಬಹುದು ಅನ್ನಿಸಿತು. ಟೇಪಿನ ಮೇಲಿನ ಅಕ್ಷರವನ್ನು ಓದಿದೆ, ಓದಿಯೂ ನನ್ನ ಅಡಾಪ್ಟರನ್ನೇ ಚುಚ್ಚಿದೆ. ನಾನು ಕಲಿಸಿದವಳು ನನಗೆ ಹೇಳುವುದೇನು ಎಂಬ ಭಾವ ಎಲ್ಲೋ ಒಳಗಿತ್ತು. ನಮ್ಮ ಕಾರ್ಖಾನೆಯ ಮಾಲಿಗೆಲ್ಲ ಪಿನ್ನಿನ ನಡುವೆ ಪ್ಲಸ್ ಇರುತ್ತಿತ್ತು. ನನ್ನ ಅಡಾಪ್ಟರೂ ಹಾಗೇ. ಮೀಟರ್ ಇಟ್ಟು ನೋಡದೆ ಕರೆಂಟ್ ಕೊಡಬೇಡಿ ಎಂದು ಮೂವತ್ತು ವರ್ಷ ಮಂದಿಯನ್ನು ಬೈದವನು ನಾನು. ಮೀಟರ್ ಅಲ್ಲೇ ಮೇಜಿನ ಮೇಲಿತ್ತು.

ಬಲ್ಬು ಹೊತ್ತಲಿಲ್ಲ. ಚಿಟ್ ಎಂದು ಸದ್ದಾಯಿತು. ಆಮೇಲೆ ಆ ವಾಸನೆ. ಎಲೆಕ್ಟ್ರಾನಿಕ್ಸ್ ಕೆಲಸದವರಿಗೆ ಅದನ್ನು ವಿವರಿಸಬೇಕಿಲ್ಲ.

"ಏನ್ರೀ ಅದು ಸುಟ್ಟ ವಾಸ್ನೆ?" ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ಪಕ್ಕದ ಮನೇದು," ಎಂದೆ.

ಅವಳ ಅಡಾಪ್ಟರನ್ನೇ ಮತ್ತೆ ಹಾಕಿ ನೋಡಿದೆ. ಏನೂ ಇಲ್ಲ. ಪೆಡಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಿಟಕಿಯ ಬಳಿ ಗಾಳಿಗಿಟ್ಟೆ. ವಾಸನೆ ಹೋಯಿತೇ ಎಂದು ದಿನವಿಡೀ ಮೂಗಿನ ಹತ್ತಿರ ಹಿಡಿದು ನೋಡಿದೆ. ಫೋನ್ ಮಾಡಿದ್ದರೆ ಅವಳಿಗೆ ಒಂದು ದಿನ ಸಿಗುತ್ತಿತ್ತು, ರಿಪೇರಿ ಮಾಡಿಯೇಬಿಡುತ್ತಿದ್ದಳೋ ಏನೋ. ಎರಡು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟೆ.

ಸೋಮವಾರ ಮೆಟ್ರೋದಲ್ಲಿ ಕೂತು ಮಾತುಗಳನ್ನು ಜೋಡಿಸಿಕೊಂಡೆ. ನನ್ನಿಂದ ತಪ್ಪಾಯ್ತಮ್ಮ, ಕರೆಂಟ್ ಉಲ್ಟಾ ಕೊಟ್ಟುಬಿಟ್ಟೆ, ನೀನೇ ನೋಡು. ಇಷ್ಟೇ. ಮೇಷ್ಟ್ರು ಬರುವ ಮೊದಲೇ ತಲುಪಬೇಕೆಂದು ಬೇಗ ಹೊರಟಿದ್ದೆ. ಅಂಗಡಿಯ ಮುಂದೆ ಬಂದರೆ ಸ್ಟೂಲಿನ ಮೇಲೆ ಅವರು ಆಗಲೇ ಕೂತಿದ್ದರು. ಮೂವತ್ತೈದರ ಆಸುಪಾಸಿನ ಮನುಷ್ಯ, ಕೈಯಲ್ಲಿ ಗಿಟಾರ್.

"ಬಂದ್ರಾ ಸಾರ್!" ಎಂದಳು. ಆ ಮುಖದಲ್ಲಿ ಎಷ್ಟು ನೆಮ್ಮದಿ ಕಂಡಿತೆಂದರೆ ನಾನು ಜೋಡಿಸಿಕೊಂಡ ಮಾತು ಅಲ್ಲೇ ಕರಗಿತು. ಚೀಲ ಕೊಟ್ಟೆ. ಅವಳು ಪೆಡಲಿಗೆ ವೈರು ಸಿಕ್ಕಿಸಿ, "ಕೇಳಿ ಸಾರ್," ಎಂದು ಮೇಷ್ಟ್ರ ಕಡೆ ತಿರುಗಿದಳು. ಅವರು ತಂತಿ ಮೀಟಿದರು. ಸದ್ದಿಲ್ಲ. ಅವಳು ವೈರು ಬದಲಿಸಿದಳು, ಅಡಾಪ್ಟರ್ ಬದಲಿಸಿದಳು. ಕೈ ಚುರುಕಾಗುತ್ತಾ ಹೋಯಿತು. ಕೊನೆಗೆ ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ನಾನು ಒರೆಸಿ ಗಾಳಿಗಿಟ್ಟಿದ್ದ ವಾಸನೆ ಒಳಗೇ ಕಾದಿತ್ತು.

"ಇದು ನೀವು ಸರಿ ಮಾಡಿರೋದಾ?" ಎಂದರು ಮೇಷ್ಟ್ರು.

"ಶನಿವಾರ ನಡೀತಿತ್ತು ಸಾರ್, ಇವರೇ ಕೇಳಿದಾರೆ." ನನ್ನ ಕಡೆ ನೋಡಿದಳು. "ಸಾರ್, ಮನೇಲಿ ನಡೀತಲ್ವಾ?"

"ಇವ್ರ ಮನೇಲಾ? ನನ್ನ ಪೆಡಲ್ ಇವ್ರ ಮನೆಗೆ ಹೋಗಿತ್ತಾ?"

ಆಗ ಬಾಯಿ ಬಿಡಬೇಕಿತ್ತು. ಬಿಟ್ಟೆ ಕೂಡ. "ಇಲ್ಲಮ್ಮ," ಎಂದೆ, "ಮನೇಲಿ ಆನ್ ಆಗ್ಲೇ ಇಲ್ಲ. ನಿನ್ನ ಬೆಸುಗೆಯಲ್ಲೇ ಏನೋ ಆಗಿರ್ಬೇಕು ನೋಡು." ಸೂಪರ್‌ವೈಸರ್ ದನಿಯಲ್ಲೇ ಹೇಳಿದೆ.

ಅವಳು ತಲೆ ಬಗ್ಗಿಸಿ ಬೋರ್ಡಿನ ಮೇಲೆ ಬೆರಳಾಡಿಸಿದಳು. ಒಂದು ಕೆಪಾಸಿಟರ್ ಊದಿಕೊಂಡಿತ್ತು. ಬೆರಳು ಅಲ್ಲೇ ನಿಂತಿತು. ಪ್ಲಸ್ ಮೈನಸ್ ಅದಲುಬದಲಾದರೆ ಅದು ಹೀಗೇ ಊದುತ್ತದೆ ಎಂದು ಅವಳಿಗೆ ತೋರಿಸಿಕೊಟ್ಟವನು ನಾನೇ. ಅವಳಿಗೆ ತಿಳಿಯಿತು. ನನಗೆ ತಿಳಿದಿದೆ ಎಂಬುದೂ ತಿಳಿಯಿತು.  ಒಂದು ಮಾತು ಸಾಕಿತ್ತು ಅವಳಿಗೆ.

"ನನ್ನ ತಪ್ಪು ಸಾರ್," ಎಂದಳು ಮೇಷ್ಟ್ರಿಗೆ. "ಎರಡು ದಿನ ಕೊಡಿ, ಸರಿ ಮಾಡ್ತೀನಿ."

"ಬೇಡ ಮೇಡಂ. ಕೆಲಸ ಬಿಡಿ, ಇನ್ನೊಬ್ರ ವಸ್ತುನ ಕೇಳ್ದೆ ಹೊರಗೆ ಕೊಡ್ತೀರಲ್ಲ, ನಾನು ಇಡೀ ಸ್ಕೂಲು ಹೆಂಗೆ ಒಪ್ಪಿಸ್ಲಿ?" ಬಿಚ್ಚಿದ ಪೆಡಲನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಟರು.

ಆಮೇಲೆ ಅಲ್ಲಿ ನಾವಿಬ್ಬರೇ ಉಳಿದೆವು. ಅವಳು ರೋಟರಿಯನ್ನು ಒರೆಸಿ ಡಬ್ಬಿಗೆ ಹಾಕುತ್ತಾ, "ಇದೇ ತಗೊಳ್ಳಿ ಸಾರ್. ನಿಮ್ಮ ಹಾಡುಗಳಿಗೆ ಇದು ಸಾಕು," ಎಂದಳು. ದುಡ್ಡು ಕೊಟ್ಟು, ಡಬ್ಬಿ ಕಂಕುಳಲ್ಲಿಟ್ಟುಕೊಂಡು ಬಂದುಬಿಟ್ಟೆ.

ರಾಜ್ಯೋತ್ಸವದಲ್ಲಿ ಜನ ಚಪ್ಪಾಳೆ ತಟ್ಟಿದರು. ಕಾಲೊತ್ತಿದಾಗ ಸ್ವರ ನಿಧಾನದಿಂದ ವೇಗಕ್ಕೇರುವುದನ್ನು ಕೇಳಿ ಮುಂದಿನ ಸಾಲಿನ ಅಜ್ಜಿಯೊಬ್ಬರು ತಲೆದೂಗಿದರು. ನಾನು ಅವರ ಕಡೆ ನೋಡದೆ ನುಡಿಸಿ ಮುಗಿಸಿದೆ.

ಮರುವರ್ಷ ಅದೇ ಅಪಾರ್ಟ್‌ಮೆಂಟಿನಲ್ಲಿ ಆ ಮೇಷ್ಟ್ರು ಸಿಕ್ಕರು. ಕಾಫಿ ಕೌಂಟರಿನ ಬಳಿ ಹಿಡಿದು ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕು ಭುಜ ತಟ್ಟಿದರು. "ಬಿಡಿ ಅಂಕಲ್, ಆ ಪೆಡಲ್ ಸರಿ ಮಾಡಿಸ್ಕೊಂಡೆ. ನೀವಾಗೇ ಬಂದು ಹೇಳಿದ್ರಲ್ಲ, ಅದೇ ದೊಡ್ಡದು." ಹಾಗಾದರೆ ಅವಳಿಗೇ ಕೆಲಸ ಕೊಡಬಹುದಲ್ಲ ಎಂದೆ. ಬೇರೆಯವರು ಸೇರಿಕೊಂಡಿದ್ದಾರೆ, ಈಗ ತೆಗೆಯಲಾಗುವುದಿಲ್ಲ ಎಂದರು. ಅವರ ಕ್ಷಮೆ ಎಷ್ಟು ಸುಲಭವಾಗಿ ಸಿಕ್ಕಿತೆಂದರೆ ಅಂದು ಹಗುರವಾಗಿ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ. ಆ ಊಟಕ್ಕಾಗಿ ಇವತ್ತಿಗೂ ನಾಚುತ್ತೇನೆ.

ಕುಂದಲಹಳ್ಳಿಯ ಆ ಮೆಟ್ಟಿಲ ಕೆಳಗೆ ಈಗ ಇಸ್ತ್ರಿ ಅಂಗಡಿ ಇದೆ. ಅವಳು ಪೀಣ್ಯಕ್ಕೆ ಮರಳಿದ್ದಾಳೆ, ಇನ್ನೊಂದು ಕಾರ್ಖಾನೆಯ ಟೆಸ್ಟಿಂಗ್ ಟೇಬಲಿಗೆ. ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ. ನನ್ನ ಮನೆಯೂ ಪೀಣ್ಯದಲ್ಲೇ; ಬೆಳಿಗ್ಗೆ ನಾನು ವಾಕಿಂಗ್ ಹೊರಟಾಗ ಮೆಟ್ರೋ ಮೆಟ್ಟಿಲಿಳಿದು ಬರುವ ಗುಂಪಿನಲ್ಲಿ ಕಾಣುತ್ತಾಳೆ. ದಾರಿ ಬದಲಿಸಬೇಕೆಂದು ಹಲವು ಸಲ ಅಂದುಕೊಂಡಿದ್ದೇನೆ. ಬದಲಿಸದೆ ಹೋದ ದಿನಗಳಲ್ಲಿ ತಲೆ ತಗ್ಗಿಸಿ ನಡೆಯುತ್ತೇನೆ. ಅವಳೇ ನಿಂತು ಮಾತಾಡಿಸುತ್ತಾಳೆ.

"ಚೆನ್ನಾಗಿದೀರಾ ಸಾರ್? ಕಾಲು ಹೆಂಗಿದೆ?"

"ಪರವಾಗಿಲ್ಲಮ್ಮ," ಎನ್ನುತ್ತೇನೆ. ಅವಳು ಗಡಿಯಾರ ನೋಡಿಕೊಂಡು ಕಾರ್ಖಾನೆಯ ಗೇಟಿನ ಕಡೆ ಓಡುತ್ತಾಳೆ.

ಮೇಷ್ಟ್ರ ಹತ್ತಿರ ಕ್ಷಮೆ ಕೇಳಿದೆ. ಹೆಂಡತಿಗೆ ಹೇಳಿದೆ. ದೇವರ ಮುಂದೆ ನಿಂತು ಎಷ್ಟೋ ಸಲ ಬೇಡಿಕೊಂಡೆ. ಕ್ಷಮಿಸಮ್ಮ ಎಂಬ ಒಂದು ಮಾತನ್ನು ನಾನು ಇನ್ನೂ ಹೇಳದೆ ಉಳಿದಿರುವುದು ಅವಳೊಬ್ಬಳಿಗೇ, ನನ್ನ ಲೈನಿನ ಆ ಟೆಸ್ಟಿಂಗ್ ಹೆಣ್ಣುಮಗಳಿಗೆ.