ಆಯಮ್ಮ ಎಣ್ಣೆ ಇಟ್ಟ ಭಾನುವಾರಗಳು

ಕಳೆದ ಭಾನುವಾರ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆಂದು ಶಿವಮೊಗ್ಗದಿಂದ ಭದ್ರಾವತಿ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನ ಹೆಂಗಸಿನ ಜಡೆಯಿಂದ ಹರಳೆಣ್ಣೆಯ ವಾಸನೆ ಬಂತು. ಕಿಟಕಿ ತೆರೆದೇ ಇತ್ತು, ಆದರೂ ನನಗೆ ಉಸಿರು ಕಟ್ಟಿದ ಹಾಗಾಯಿತು. ಹರಳೆಣ್ಣೆಗೆ ಮೂಗು ಮುಚ್ಚಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ, ಹೆದರುವವಳು ಬಹುಶಃ ನಾನೊಬ್ಬಳೇ. ಆಯಮ್ಮ ಇದ್ದಿದ್ದರೆ ಆ ಹೆಂಗಸನ್ನು ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಎಣ್ಣೆ ತಲೆಯಲ್ಲಿ ಹೊಸ್ತಿಲು ದಾಟುವುದೆಂದರೇನು, ಬಸ್ಸು ಹತ್ತುವುದೆಂದರೇನು!

ಆಯಮ್ಮ ನ್ಯೂ ಟೌನಿನಲ್ಲಿ ನಮ್ಮ ಬಾಡಿಗೆ ಮನೆಯ ಬೆನ್ನಿಗೇ ಇದ್ದವರು. ಎರಡೂ ಮನೆಗೆ ಹಿತ್ತಲು ಒಂದೇ. ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದು ನಿವೃತ್ತರಾಗಿದ್ದರು, ಬೀದಿಯೆಲ್ಲ ಅವರನ್ನು ಆಯಮ್ಮ ಎಂದೇ ಕರೆಯುತ್ತಿತ್ತು. ಮನೆಮಾತು ತಮಿಳು. ಪ್ರೀತಿ ಬಂದರೆ ಎದುರಿಗಿದ್ದವರು ಯಾರೇ ಆಗಲಿ, ‘ಕಣ್ಣು’. ಸುತ್ತಮುತ್ತ ಎಲ್ಲೇ ಬಾಣಂತನವಿದ್ದರೂ ತಾಯಿ ಮಗುವಿಗೆ ಎಣ್ಣೆ ತಿಕ್ಕಿ ನೀರೆರೆಯಲು ಅವರೇ ಬೇಕು. ಚಾಚಿದ ಕಾಲಿನ ಮೇಲೆ ಹಸುಗೂಸನ್ನು ಮಲಗಿಸಿಕೊಂಡು ಅವರು ನೀರು ಹುಯ್ಯುತ್ತಿದ್ದರೆ ಮಗು ಅಳುತ್ತ ಅಳುತ್ತಲೇ ನಿದ್ದೆ ಹೋಗುತ್ತಿತ್ತು. ಆ ಕೈಯ ಮೇಲೆ ಜನರಿಗೆ ಅಷ್ಟು ನಂಬಿಕೆ. ಅವರಿಗೂ ಅದರ ಬಗ್ಗೆ ಸ್ವಲ್ಪ ಜಂಬವಿತ್ತು, ಸುಳ್ಳೇಕೆ ಹೇಳಲಿ.

ನನ್ನ ಮಗಳಿಗೆ ಆಗ ಒಂಬತ್ತು ತಿಂಗಳು. ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಪಾಠ ಮಾಡಲು ದಿನಾ ಓಡಾಡುತ್ತಿದ್ದೆ. ನನ್ನವರು ಔಷಧಿ ಕಂಪನಿಯ ರೆಪ್ರೆಸೆಂಟೇಟಿವ್. ವಾರದಲ್ಲಿ ನಾಲ್ಕು ದಿನ ಸಾಗರ, ಚಿಕ್ಕಮಗಳೂರು ಎಂದು ತಿರುಗಾಟ. ತವರಿನಲ್ಲಿ ಬಾಣಂತಿಯಾಗಿದ್ದಾಗ ತಣ್ಣೀರು ಮುಟ್ಟಬೇಡ, ಕಿವಿಗೆ ಹತ್ತಿ ಇಟ್ಟುಕೋ, ಎದ್ದು ಓಡಾಡಬೇಡ ಎಂದು ಹತ್ತು ಜನ ಹೇಳುತ್ತಿದ್ದರು. ಐದನೇ ತಿಂಗಳಿಗೆ ಮಡಿಲು ತುಂಬಿ ಕಳಿಸಿದ ಮೇಲೆ, ನಿದ್ದೆ ಮಾಡಿದೆಯಾ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಮಗುವಿಗೆ ಹಲ್ಲು ಬರುತ್ತಿತ್ತು, ಒಂದೇ ಸಮನೆ ರಚ್ಚೆ. ಒಮ್ಮೆ ಗ್ಯಾಸ್ ಹಚ್ಚಿ, ಪಾತ್ರೆಯನ್ನೇ ಇಡದೆ, ಹಾಲು ಉಕ್ಕಲೆಂದು ಕಾಯುತ್ತ ನಿಂತಿದ್ದೆ. ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಯಾರಿಗೂ ಹೇಳಲಿಲ್ಲ. ಊರಿನ ತಾಯಂದಿರೆಲ್ಲ ಮಾಡುವುದನ್ನು ನನಗೆ ಮಾಡಲಾಗುತ್ತಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ಪರೀಕ್ಷೆಯ ದಿನಗಳು. ಉತ್ತರ ಪತ್ರಿಕೆಗಳ ಕಟ್ಟು ಮನೆಗೆ ತಂದು ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಅವತ್ತು ಬೆಳಿಗ್ಗೆ ಬಚ್ಚಲಲ್ಲಿ ಟಬ್ಬಿಗೆ ಉಗುರುಬೆಚ್ಚಗಿನ ನೀರು ಹಾಕಿ ಮಗಳನ್ನು ಕೂರಿಸಿ, ನಾನು ಪಕ್ಕದ ಮಣೆಯ ಮೇಲೆ ಕುಳಿತೆ. ಅವಳು ನೀರು ಬಡಿದು ನಗುತ್ತಿದ್ದಳು. ನಲ್ಲಿ ಸಣ್ಣಗೆ ಸುರಿಯುತ್ತಿತ್ತು. ಗೋಡೆಗೆ ತಲೆ ಆನಿಸಿದ್ದು ನೆನಪಿದೆ. ಆಮೇಲೆ...

ಆಮೇಲೆ ನೆನಪಿರುವುದು ಆಯಮ್ಮನ ಕೂಗು. ನಾನು ಶಾಲೆಗೆ ಹೊರಡುವ ಮುಂಚೆ ಮಗುವನ್ನು ಎತ್ತಿಕೊಂಡು ಹೋಗಲು ಅವರು ದಿನವೂ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ನಾನು ಕಣ್ಣು ಬಿಟ್ಟಾಗ ಮಗಳು ಅವರ ಮುಂಗೈ ಮೇಲೆ ಬೋರಲಾಗಿದ್ದಳು, ಅವರು ಬೆನ್ನಿಗೆ ತಟ್ಟುತ್ತಿದ್ದರು. ಮಗುವಿನ ತುಟಿ ನೀಲಿಯಾಗಿತ್ತು. ಅದು ಅಳುತ್ತಿರಲಿಲ್ಲ. ನಲ್ಲಿಯ ಸದ್ದೊಂದೇ ಕೇಳುತ್ತಿತ್ತು. ನಾನು ಎದ್ದು ನಿಂತೆ, ಮಗುವನ್ನು ಮುಟ್ಟಲು ಧೈರ್ಯ ಬರಲಿಲ್ಲ. ಎಷ್ಟು ಹೊತ್ತಾಯಿತೋ... ಕೊನೆಗೊಮ್ಮೆ ಕೆಮ್ಮಿ, ನೀರು ಕಕ್ಕಿ, ಕಿಟಾರನೆ ಅತ್ತಿತು. ನಾನು ಒದ್ದೆ ನೆಲದ ಮೇಲೇ ಕೂತುಬಿಟ್ಟೆ.

ಆಟೋ ಹಿಡಿದು ಡಾಕ್ಟರ ಬಳಿ ಓಡಿದೆವು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಪುಣ್ಯಕ್ಕೆ ಏನೂ ಆಗಿಲ್ಲ ಎಂದ ಅವರು, ಇದು ಹೇಗಾಯಿತೆಂದು ಕೇಳಿದರು.

“ನಾನೇ ಸ್ನಾನ ಮಾಡಿಸ್ತಿದ್ದೆ ಸಾರ್. ಕೈ ಜಾರ್ತು,” ಎಂದರು ಆಯಮ್ಮ.

ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ಡಾಕ್ಟರು ಗದರಿದರು. ಈ ವಯಸ್ಸಿನಲ್ಲಿ ಮಕ್ಕಳ ಸ್ನಾನದ ಉಸಾಬರಿ ನಿಮಗೇಕೆ ಎಂದರು. ನೂರಾರು ಕೂಸುಗಳಿಗೆ ನೀರೆರೆದ ಹೆಂಗಸು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಅಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು, ಆ ಕ್ಷಣ ದಾಟಿಹೋಗಲು ಬಿಟ್ಟೆ.

ವಾಪಸು ಬರುವಾಗ ಆಟೋದಲ್ಲಿ, ಯಾಕೆ ಹಾಗೆಂದಿರಿ ಎಂದು ಅಳುತ್ತ ಕೇಳಿದೆ.

“ತಾಯಿ ಕೈ ಜಾರ್ತು ಅಂದ್ರೆ ಸಾಯೋವರ್ಗೂ ಆಡ್ಕೋತಾರೆ ಕಣ್ಣು. ಮುದುಕಿ ಕೈ ಜಾರ್ತು ಅಂದ್ರೆ ನಾಲ್ಕ್ ದಿನ ಅಷ್ಟೇ.”

ನಾಲ್ಕು ದಿನಕ್ಕೆ ಮುಗಿಯಲಿಲ್ಲ. ತಿರುಗಾಟ ಮುಗಿಸಿ ಬಂದ ನನ್ನವರು, ಇನ್ನು ಮೇಲೆ ಸ್ನಾನಕ್ಕೆ ಮಾತ್ರ ಆಯಮ್ಮನ ಕೈಗೆ ಕೊಡಬೇಡ ಎಂದರು. ಹೂಂ ಎಂದೆ. ಹಿಂದಿನ ಬೀದಿಯ ಬಾಣಂತಿಯ ಮನೆಯವರು, ತವರಿನಿಂದ ಯಾರೋ ಬರುತ್ತಾರೆ ಎಂದು ನಯವಾಗಿ ಹೇಳಿ ಅವರನ್ನು ಬಾಗಿಲಿನಿಂದಲೇ ಕಳಿಸಿದರು. ಆಮೇಲೆ ಇನ್ನೊಂದು ಮನೆ. ಮಳೆಗಾಲ ಬರುವಷ್ಟರಲ್ಲಿ ಆ ಕೈಯನ್ನು ಕರೆಯುವವರೇ ಇರಲಿಲ್ಲ. ಎಲ್ಲ ನನ್ನ ಕಣ್ಣೆದುರಿಗೇ ಆಯಿತು, ನಾನು ಬಾಯಿ ಬಿಡಲಿಲ್ಲ. ಗಂಡ ನನ್ನನ್ನು ಬೇರೆ ಕಣ್ಣಿನಿಂದ ನೋಡಿಯಾರು ಎಂಬ ಭಯ, ಮಗುವನ್ನು ನನ್ನ ಬಳಿ ಬಿಡುವುದು ಬೇಡವೆಂದಾರು ಎಂಬ ಭಯ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ನನ್ನದೇ ಭಯ. ಬಕೆಟ್ಟಿನಲ್ಲಿ ಒಂದು ಹನಿ ನೀರು ನಿಲ್ಲಲು ಬಿಡುತ್ತಿರಲಿಲ್ಲ.

ಆ ಘಟನೆಯ ನಂತರದ ಭಾನುವಾರ ಆಯಮ್ಮ ಹಿತ್ತಲಲ್ಲಿ ಸ್ಟೂಲ್ ಹಾಕಿ, ಬಾ ಎಂದರು. ಬಟ್ಟಲಲ್ಲಿ ಬಿಸಿ ಹರಳೆಣ್ಣೆ. ಪಾತ್ರೆ ಬಿದ್ದಿದೆ, ಬಟ್ಟೆ ಬಿದ್ದಿದೆ ಎನ್ನುವಷ್ಟರಲ್ಲಿ ನೆತ್ತಿಗೆ ತಟ್ಟಿಯೇಬಿಟ್ಟರು. ಹೆಂಗಸರು ಎಣ್ಣೆ ಹಚ್ಚಿಕೊಳ್ಳುವುದು ಮಂಗಳವಾರ, ಶುಕ್ರವಾರ ಅಲ್ಲವೇ ಎಂದೆ.

“ಶುಕ್ರವಾರ ನಿಂಗೆ ಪುರ್ಸೊತ್ತಿಲ್ಲ. ದೇವ್ರನ್ನ ಕೇಳಿದೀನಿ, ಭಾನುವಾರಕ್ಕೆ ಒಪ್ಪಿದಾನೆ.”

ಅವರ ಕಾನೂನು ಎರಡು. ಎಣ್ಣೆ ತಲೆಯಲ್ಲಿ ಹೊಸ್ತಿಲು ದಾಟಬಾರದು, ಒಲೆ ಮುಟ್ಟಬಾರದು. ಎಣ್ಣೆ ಒಂದು ಗಂಟೆ ನೆನೆಯಬೇಕು. ಹೊರಗೆ ಹೋಗುವಂತಿಲ್ಲ, ಅಡಿಗೆ ಮಾಡುವಂತಿಲ್ಲ, ಇನ್ನೇನು ಮಾಡುವುದು? ಹಳೆಯ ಚಾಪೆಯ ಮೇಲೆ ಬಿದ್ದುಕೊಂಡು ನಿದ್ದೆ ಮಾಡುತ್ತಿದ್ದೆ. ಅಷ್ಟು ಹೊತ್ತು ಮಗು ಆಯಮ್ಮನ ಸೊಂಟದ ಮೇಲೆ. ಬೆಚ್ಚಿ ಎದ್ದರೆ, “ಇಲ್ಲೇ ಇದೆ, ಮಲ್ಕೋ,” ಎನ್ನುತ್ತಿದ್ದರು. ಒಲೆಯ ಕಾನೂನನ್ನು ಆಮೇಲೆ ನಾನು ಎಷ್ಟೋ ಹಿರಿಯರಲ್ಲಿ ವಿಚಾರಿಸಿದ್ದೇನೆ. ಅಂಥ ಶಾಸ್ತ್ರ ಯಾರಿಗೂ ಗೊತ್ತಿಲ್ಲ. ಎರಡು ವರ್ಷ, ಹೆಚ್ಚುಕಡಿಮೆ ಒಂದು ಭಾನುವಾರವೂ ತಪ್ಪಲಿಲ್ಲ. ಇವತ್ತು ಶಾಲೆಯಲ್ಲಿ ಒತ್ತಡ ನಿರ್ವಹಣೆಯ ತರಬೇತಿಗೆ ಬರುವವರು ನಿಮಗಾಗಿ ಸಮಯ ಕೊಟ್ಟುಕೊಳ್ಳಿ ಎಂದು ಪರದೆಯ ಮೇಲೆ ತೋರಿಸುತ್ತಾರೆ. ಕೊಟ್ಟುಕೊಳ್ಳಲಾಗದವಳಿಗೆ ಆಯಮ್ಮ ತಲೆ ಹಿಡಿದು ಕೊಟ್ಟಿದ್ದರು. ನನ್ನಿಂದಾಗಿ ಹೆಸರು ಕಳೆದುಕೊಂಡವರು ನನ್ನ ನೆತ್ತಿ ತಟ್ಟುತ್ತಿದ್ದರೆ, ಇವತ್ತಾದರೂ ಹೇಳಿಬಿಡೋಣ ಎನಿಸುತ್ತಿತ್ತು. ತಲೆಗೆ ನೀರು ಬಿದ್ದ ಮೇಲೆ ಮತ್ತೆ ಹೆದರಿಕೆ.

ಆಮೇಲೆ ನಾವು ಶಿವಮೊಗ್ಗದ ಸವಳಂಗ ರಸ್ತೆಗೆ ಮನೆ ಬದಲಿಸಿದೆವು. ಮೊದಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದೆ, ನಂತರ ಹಬ್ಬಕ್ಕೊಮ್ಮೆ, ನಂತರ... ಪುರುಸೊತ್ತಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಅವರ ಮುಖ ನೋಡಲು ಆಗುತ್ತಿರಲಿಲ್ಲ. ಮನೆಯಲ್ಲಿ ಆ ಕಥೆ ತಮಾಷೆಯಾಗಿ ಉಳಿದುಕೊಂಡಿತ್ತು. ಭದ್ರಾವತಿಯ ಅಜ್ಜಿ ನಿನ್ನನ್ನು ಟಬ್ಬಿನಲ್ಲಿ ಮುಳುಗಿಸಿದ್ದರು ಎಂದು ಅಪ್ಪ ಹೇಳಿದರೆ ಮಗಳು ನಗುತ್ತಿದ್ದಳು. ನಾನು ಎದ್ದು ಅಡಿಗೆಮನೆಗೆ ಹೋಗುತ್ತಿದ್ದೆ.

ಕಳೆದ ಭಾನುವಾರ ಗೃಹಪ್ರವೇಶದ ಊಟ ಮುಗಿಸಿ ನ್ಯೂ ಟೌನಿನ ಆ ಬೀದಿಗೆ ನಡೆದೆ. ಈ ಸಲ ಹೇಳಿಯೇ ತೀರುತ್ತೇನೆ, ಕಾಲು ಹಿಡಿದಾದರೂ ಸರಿ ಎಂದುಕೊಂಡಿದ್ದೆ. ಆಯಮ್ಮನ ಬಾಗಿಲು ತೆರೆದವರು ಯಾರೋ ಹೊಸಬರು. ಪಕ್ಕದ ಮನೆಯ ಹೆಂಗಸು ಗುರುತು ಹಿಡಿದು, “ಆಯಮ್ಮ ಹೋಗಿ ಎಂಟ್ ತಿಂಗ್ಳಾಯ್ತಲ್ಲಾ ಮಾರಾಯ್ತಿ, ನಿಂಗೆ ಗೊತ್ತಿಲ್ವಾ?” ಎಂದಳು. ಹೋದ ವರ್ಷ ತನ್ನ ಮಗಳ ಬಾಣಂತನಕ್ಕೆ ಅವಳೇ ಹೋಗಿ ಕರೆದಿದ್ದಳಂತೆ. ಹಳೆಯದೆಲ್ಲ ಬಿಡಿ, ಬನ್ನಿ ಎಂದಿದ್ದಳಂತೆ. ಬೇಡ ಕಣ್ಣು, ನನ್ನ ಕೈ ಜಾರುತ್ತೆ, ಊರಿಗೇ ಗೊತ್ತಲ್ಲ ಎಂದರಂತೆ ಆಯಮ್ಮ. ನನ್ನ ಗುಟ್ಟನ್ನು ಕೊನೆಯವರೆಗೂ ಕಾದಿದ್ದರು.

ಮನೆಗೆ ಬಂದಾಗ ಅಪ್ಪ ಮಗಳು ಕೇರಂ ಆಡುತ್ತಿದ್ದರು. ಚಪ್ಪಲಿ ಬಿಡುತ್ತ, ಆಯಮ್ಮ ತೀರಿಕೊಂಡರಂತೆ ಎಂದೆ.

“ಯಾರು, ನನ್ನ ಮುಳುಗ್ಸಿದ್ ಅಜ್ಜಿನಾ?” ಎಂದಳು ಮಗಳು.

ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ.

“ಮುಳುಗ್ಸಿದ್ದು ನಾನು ಪುಟ್ಟಿ. ನಿದ್ದೆ ಮಾಡ್ಬಿಟ್ಟಿದ್ದೆ. ಎತ್ತಿದ್ದು ಅವ್ರು.”

ನನ್ನವರು ಸ್ಟ್ರೈಕರ್ ಕೆಳಗಿಟ್ಟರು. ಮಗಳು ಒಮ್ಮೆ ಅಪ್ಪನ ಮುಖ ನೋಡಿದಳು, ಒಮ್ಮೆ ನನ್ನ ಮುಖ. ಇಷ್ಟು ವರ್ಷ ಹೆದರಿದ್ದ ಬೈಗುಳ ಬರಲಿಲ್ಲ. ನನ್ನವರು, ಆವತ್ತೇ ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದರು. ಹೇಳಬಹುದಿತ್ತು. ಇಷ್ಟು ಸುಲಭವಿತ್ತು ಎಂದು ಗೊತ್ತಿದ್ದರೆ ಆ ಬೀದಿಯ ಒಂದೊಂದು ಮನೆಗೂ ಹೋಗಿ ಹೇಳಬಹುದಿತ್ತು, ಆಯಮ್ಮ ಬದುಕಿದ್ದಾಗ.